ಆನೆ, ಕಾಟಿ, ಕರಡಿ: 600 ಎಂಎಂ ಇದ್ದರೂ ಫೋಟೊ ಶಾರ್ಪ್ ಬರುತ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಹೊಸಲೆನ್ಸ್:

ಎಲ್ಲರಿಗೂ ನಮಸ್ಕಾರ. ಕ್ಯಾಮೆರಾ ಫುಲ್ ಫ್ರೇಮ್ ಮಿರರ್‌ಲೆಸ್, 24 ಮೆಗಾಪಿಕ್ಸೆಲ್. ಲೆನ್ಸ್ 150-600 ಎಂಎಂ, ಎಫ್ 5-6.3 (ಬೆಳಕಿನ ಕಿಂಡಿಯಾದ ಅಪರ್ಚರ್‌ನ ಅಳತೆ, ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು). ಒಂದು 70-200 ಎಫ್ 2.8 ಕೂಡ ಇದೆ, ಆದರೆ ಕಾಡಿಗೆ ಹೋದಾಗ ಅದು ಬ್ಯಾಗ್ ಬಿಟ್ಟು ಹೊರಗೆ ಬರುವುದಿಲ್ಲ. ತೆಗೆಯುವುದೆಲ್ಲ ತೆರೆದ ವಾಹನದಿಂದ, ಬೀನ್ ಬ್ಯಾಗ್ (ಲೆನ್ಸಿಗೆ ಆನಿಕೆಯಾಗುವ, ಕಾಳು ತುಂಬಿದ ಚೀಲ) ಮೇಲಿಟ್ಟು.

ದೂರದಲ್ಲಿರುವ ಪ್ರಾಣಿಯನ್ನು 600ರಲ್ಲಿ ತೆಗೆದರೆ, ಶಟರ್ ಸೆಕೆಂಡಿನ 1/1000 ಇಟ್ಟರೂ ಅಂಚುಗಳೆಲ್ಲ ಮೆತ್ತಗಾಗಿರುತ್ತವೆ. ಆನೆ ಎದುರಿಗೆ ನಿಂತಿದ್ದರೆ ಕಣ್ಣು ಶಾರ್ಪ್ ಇದ್ದಾಗ ದಂತ ಮಸುಕು, ದಂತ ಶಾರ್ಪ್ ಇದ್ದಾಗ ಕಣ್ಣು ಮಸುಕು. ಕಾಟಿಯಂತೂ (ಕಾಡುಕೋಣ) ಒಂದೋ ಕರಿ ಮುದ್ದೆ, ಇಲ್ಲವೇ ಬೂದಿ ಬಳಿದ ಹಾಗೆ. ಲೆನ್ಸ್, ಕ್ಯಾಮೆರಾ ನಡುವೆ ಕೂರಿಸಿ ಚಿತ್ರ ಹಿಗ್ಗಿಸುವ 1.4 ಪಟ್ಟಿನ ಟೆಲಿಕನ್ವರ್ಟರ್ ಕೊಂಡರೆ ದೂರದ ಸಮಸ್ಯೆ ಬಗೆಹರಿಯುತ್ತದೆಯೇ? ಇನ್ನೊಂದು ವಿಷಯವೂ ತಿಳಿಯಬೇಕು: ಇಷ್ಟು ದೊಡ್ಡ ಪ್ರಾಣಿ ನಮ್ಮಿಂದ ಕಿರಿಕಿರಿಗೊಂಡಿದೆ ಅಂತ ಮೊದಲೇ ಗೊತ್ತು ಮಾಡಿಕೊಳ್ಳುವುದು ಹೇಗೆ? ಗೊತ್ತಿರುವವರು ವಿವರವಾಗಿ ಬರೆದರೆ ಉಪಕಾರ.

ಮುಂಜಾವು:

ಟೆಲಿಕನ್ವರ್ಟರ್ ವಿಚಾರ ಆಮೇಲೆ. ಮೊದಲು ರೋಗ ಯಾವುದು ಅಂತ ಗೊತ್ತಾಗಲಿ. ಕೆಟ್ಟ ಚಿತ್ರಗಳನ್ನು ಡಿಲೀಟ್ ಮಾಡಬೇಡಿ, ಒಂದೇ ಬರ್ಸ್ಟ್‌ನ (ಬಟನ್ ಒತ್ತಿಹಿಡಿದು ಸತತವಾಗಿ ತೆಗೆದ ಸರಣಿಯ) ಎಂಟು ಹತ್ತು ಫ್ರೇಮ್‌ಗಳನ್ನು ಕಂಪ್ಯೂಟರಿನಲ್ಲಿ ಶೇ. 100ಕ್ಕೆ ಹಿಗ್ಗಿಸಿ ಒಂದಾದ ಮೇಲೊಂದು ನೋಡಿ.

ಹುಲ್ಲಿನ ಎಸಳು, ಕೊಂಬು, ಕಿವಿಯ ಅಂಚು ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗೆ ಕಂಡರೆ ಅದು ಕ್ಯಾಮೆರಾ ಅಲುಗಿದ್ದು. ಪ್ರಾಣಿ ಮಸುಕಾಗಿದ್ದು ಅದರ ಮುಂದಿನ ಅಥವಾ ಹಿಂದಿನ ಹುಲ್ಲು ಕಡ್ಡಿ ಚೂಪಾಗಿದ್ದರೆ ಫೋಕಸ್ ತಪ್ಪಿದ್ದು. ಮೈಯೆಲ್ಲ ಸರಿಯಿದ್ದು ಬೀಸುತ್ತಿದ್ದ ಕಿವಿ, ಬಾಲ ಮಾತ್ರ ಮಸುಕಾಗಿದ್ದರೆ ಶಟರ್ ಸಾಲದ್ದು. ಇವು ಯಾವುವೂ ಅಲ್ಲದೆ, ಫ್ರೇಮಿನಿಂದ ಫ್ರೇಮಿಗೆ ಅಂಚಿನ ಆಕಾರವೇ ಬದಲಾಗುತ್ತಿದ್ದರೆ, ಬೆನ್ನಿನ ಗೆರೆ ಒಂದರಲ್ಲಿ ನೇರ, ಮುಂದಿನದರಲ್ಲಿ ಸಣ್ಣ ಸಣ್ಣ ಅಲೆ, ಅದರ ಮುಂದಿನದರಲ್ಲಿ ಎರಡು ಗೆರೆ, ಹೀಗಿದ್ದರೆ ತಪ್ಪು ನಿಮ್ಮದೂ ಅಲ್ಲ, ಲೆನ್ಸಿನದೂ ಅಲ್ಲ. ಅದು ಬಿಸಿಗಾಳಿ. ನೀವು ಹೇಳಿದ ಲಕ್ಷಣ ನೋಡಿದರೆ ನನಗೆ ಇದರ ಮೇಲೇ ಅನುಮಾನ.

ಕಾದ ನೆಲದಿಂದ ಏಳುವ ಗಾಳಿಯ ಸಾಂದ್ರತೆ ಜಾಗದಿಂದ ಜಾಗಕ್ಕೆ ಬೇರೆ. ಅದರ ಮೂಲಕ ಬರುವ ಬೆಳಕು ಅಲ್ಲಲ್ಲಿ ಬಾಗುತ್ತದೆ. ದೂರ ಹೆಚ್ಚಿದಷ್ಟೂ ನಡುವೆ ಇರುವ ಇಂಥ ಗಾಳಿ ಹೆಚ್ಚು, ಫೋಕಲ್ ಲೆಂಗ್ತ್ (ಲೆನ್ಸಿನ ಎಂಎಂ ಅಂಕಿ) ಹೆಚ್ಚಿದಷ್ಟೂ ಬಾಗಿದ್ದು ದೊಡ್ಡದಾಗಿ ಕಾಣುತ್ತದೆ. ಶಟರ್ 1/4000ಕ್ಕೆ ಏರಿಸಿದರೂ ಪ್ರಯೋಜನವಿಲ್ಲ, ಬಾಗಿದ ಬೆಳಕನ್ನು ಬಾಗಿದ ಹಾಗೇ ಹಿಡಿಯುತ್ತೀರಿ ಅಷ್ಟೆ. ಬಿಸಿಲೇರಿದ ಮೇಲೆ ಬಯಲಿನಲ್ಲಿ 100 ಮೀಟರ್ ಆಚೆಯ ಪ್ರಾಣಿಯ ಕಣ್ಣಿನ ರೆಪ್ಪೆ ಎಣಿಸುವ ಆಸೆ ಬಿಟ್ಟುಬಿಡಿ. ಸೂರ್ಯ ಹುಟ್ಟಿದ ಮೊದಲ ಒಂದು, ಒಂದೂವರೆ ಗಂಟೆ, ಮೋಡ ಕವಿದ ಹೊತ್ತು, ಮಳೆ ಬಿಟ್ಟ ಮೇಲಿನ ಹೊತ್ತು, ಇವು ದೂರದ ಚಿತ್ರಕ್ಕೆ ಆಗಿಬರುತ್ತವೆ. ಹಾಗೆಂದು ಮುಂಜಾನೆ ಎಲ್ಲ ಕಡೆಯೂ ಸುರಕ್ಷಿತ ಅಂದುಕೊಳ್ಳಬೇಡಿ. ಚಳಿ ಇದ್ದು ಕೆರೆಯ ನೀರು ಬೆಚ್ಚಗಿದ್ದರೆ ನೀರಿನ ಮೇಲಿನ ಗಾಳಿಯೂ ಇದೇ ಕೆಲಸ ಮಾಡುತ್ತದೆ.

ಬಿಸಿಗಾಳಿ ಲೆನ್ಸಿನ ಮೂತಿಯ ಹತ್ತಿರವೇ ಇರುವ ಸಂದರ್ಭವೂ ಉಂಟು, ಇದನ್ನು ಬಹಳ ಜನ ಗಮನಿಸುವುದಿಲ್ಲ. ವಾಹನದ ಬಾನೆಟ್ ಮೇಲಿಂದ ಗುರಿ ಇಟ್ಟರೆ ಎಂಜಿನ್ನಿನ ಕಾವು ನೇರ ಲೆನ್ಸಿನ ಮುಂದೆ ಏಳುತ್ತದೆ. ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿಕೊಳ್ಳಿ. ಬೆಚ್ಚಗಿನ ಬ್ಯಾಗಿನಿಂದ ತಣ್ಣನೆಯ ಗಾಳಿಗೆ ತೆಗೆದ ಲೆನ್ಸ್ ಹತ್ತಿಪ್ಪತ್ತು ನಿಮಿಷ ತಾನೇ ಬಿಸಿ ಉಗುಳುತ್ತಿರುತ್ತದೆ. ಲೆನ್ಸಿನ ಮುಂದಿನ ಉದ್ದನೆಯ ಹುಡ್ (ಅಡ್ಡ ಬೆಳಕು ತಡೆಯುವ ಕೊಳವೆ) ಒಳಗೆ ಆ ಗಾಳಿ ಸಿಕ್ಕಿಕೊಂಡು ಸುಳಿಯುತ್ತದೆ. ಅಷ್ಟು ಹೊತ್ತು ಹುಡ್ ಬಿಚ್ಚಿಡಿ. ಹೊರಡುವ ಅರ್ಧ ಗಂಟೆ ಮೊದಲೇ ಬ್ಯಾಗನ್ನು ಹೊರಗಿನ ಗಾಳಿಗೆ ಇಟ್ಟರೆ ಇನ್ನೂ ಒಳ್ಳೆಯದು.

ಈಗ ಟೆಲಿಕನ್ವರ್ಟರ್. ಎಫ್ 6.3ಕ್ಕೆ 1.4 ಪಟ್ಟು ಹಾಕಿದರೆ ಎಫ್ 9 ಆಗುತ್ತದೆ. ಬೆಳಕು ಅರ್ಧ, ಐಎಸ್‌ಒ (ಸೆನ್ಸರಿನ ಸಂವೇದನೆಯ ಅಂಕಿ) ಇಮ್ಮಡಿ, ಆಟೊಫೋಕಸ್ ನಿಧಾನ, ಮೇಲಿಂದ ಅದೇ ಬಿಸಿಗಾಳಿ 1.4 ಪಟ್ಟು ದೊಡ್ಡದಾಗಿ. ನಿಮ್ಮ 24 ಮೆಗಾಪಿಕ್ಸೆಲ್ ಚಿತ್ರವನ್ನೇ 1.4 ಪಟ್ಟು ಕ್ರಾಪ್ ಮಾಡಿದರೂ 12 ಮೆಗಾಪಿಕ್ಸೆಲ್ ಉಳಿಯುತ್ತದೆ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 14 ಇಂಚು ಅಗಲದ ಪ್ರಿಂಟ್‌ಗೆ ಅಷ್ಟು ಸಾಕು. ಎಫ್ 6.3 ಜೂಮ್ ಮೇಲೆ ಕನ್ವರ್ಟರ್ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. 400 ಎಫ್ 2.8, 500 ಎಫ್ 4 ಥರದ ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಇದ್ದಿದ್ದರೆ ಮಾತು ಬೇರೆ.

ಗಾಳಿಮುಖ:

ಮುಂಜಾವು ಹೇಳಿದ್ದಕ್ಕೆ ವಾಹನದ ಅಲುಗಾಟವನ್ನೂ ಸೇರಿಸಿ. ಎಂಜಿನ್ ಓಡುತ್ತಿದ್ದರೆ ಬೀನ್ ಬ್ಯಾಗ್ ಇದ್ದರೂ ಸಣ್ಣ ನಡುಕ ಲೆನ್ಸಿಗೆ ಏರುತ್ತದೆ. ಎಂಜಿನ್ ನಿಲ್ಲಿಸಿದರೂ ಹಿಂದಿನ ಸೀಟಿನವರು ಮಗ್ಗುಲು ಬದಲಿಸಿದರೆ ಸಾಕು, ಸ್ಪ್ರಿಂಗ್ ಮೇಲೆ ಕೂತ ಇಡೀ ವಾಹನ ತೂಗುತ್ತದೆ. ನಿಂತ ಪ್ರಾಣಿಗೂ ವಾಹನದಿಂದ 1/640ಕ್ಕಿಂತ ಕೆಳಗೆ ಇಳಿಯಬೇಡಿ. ನಡೆಯುವ ಪ್ರಾಣಿಗೆ 1/1000, ಓಡುವುದಕ್ಕೆ 1/2000, ಕರಡಿ ನೀರಿನಿಂದ ಎದ್ದು ಮೈ ಕೊಡವುವುದಕ್ಕೆ 1/2500. ಮುಸ್ಸಂಜೆ ಬೆಳಕೇ ಇಲ್ಲ ಅಂದಾಗ ಮಾತ್ರ ಉಸಿರು ಬಿಗಿಹಿಡಿದು 1/125ರಲ್ಲಿ ಹತ್ತು ಫ್ರೇಮ್ ಒತ್ತಿ, ಒಂದೆರಡು ಉಳಿದುಕೊಳ್ಳುತ್ತವೆ.

ಬೀನ್ ಬ್ಯಾಗ್ ಪೂರ್ತಿ ಬಿರುಸಾಗಿ ತುಂಬಿದ್ದೀರಾ? ಹಾಗಿದ್ದರೆ ಲೆನ್ಸ್ ಅದರ ಮೇಲೆ ಉರುಳುತ್ತದೆ. ಮುಕ್ಕಾಲು ತುಂಬಿ, ಲೆನ್ಸನ್ನು ಒತ್ತಿ ಕೂರಿಸಿದಾಗ ಎರಡೂ ಕಡೆ ದಿಣ್ಣೆ ಎದ್ದು ಹಿಡಿದುಕೊಳ್ಳಬೇಕು. ನಿಮ್ಮ ಲೆನ್ಸಿಗೆ ಎರಡರಿಂದ ಮೂರು ಕಿಲೊ ತುಂಬಿದರೆ ಸಾಕು. ಧಾನ್ಯಕ್ಕಿಂತ ಪ್ಲಾಸ್ಟಿಕ್ ಗುಳಿಗೆ ಲೇಸು. ಧಾನ್ಯ ನೆಂದರೆ ಎರಡೇ ದಿನದಲ್ಲಿ ಮೊಳಕೆ ಒಡೆದು ನಾರುತ್ತದೆ, ಅದರ ವಾಸನೆಗೆ ಆನೆ, ಕೋತಿಗಳು ವಾಹನದ ಹತ್ತಿರ ಬರಲು ಕಾರಣವೂ ಆಗಬಾರದು. ಕೈಯನ್ನು ಲೆನ್ಸಿನ ಕೆಳಗೆ ಇಡಬೇಡಿ, ಬ್ಯಾಗಿನ ಮೇಲೆ ಕೂತ ಲೆನ್ಸಿನ ತಲೆಯ ಮೇಲೆ ಎಡಗೈಯ ಭಾರ ಹಾಕಿ.

ಇನ್ನು ಆನೆ. ನೀವು 600 ಎಂಎಂ ಹಿಡಿದುಕೊಂಡು ಆನೆಯ ಮುಂದೆ ನಿಂತಿರುವುದೇ ಅರ್ಧ ಸಮಸ್ಯೆ. ಲೆಕ್ಕ ಸುಲಭ: ಫುಲ್ ಫ್ರೇಮ್ ಸೆನ್ಸರ್ ಅಗಲ 36 ಎಂಎಂ. ಅದನ್ನು ಫೋಕಲ್ ಲೆಂಗ್ತ್‌ನಿಂದ ಭಾಗಿಸಿ ದೂರದಿಂದ ಗುಣಿಸಿದರೆ ಫ್ರೇಮಿನಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಅಂತ ಬರುತ್ತದೆ. 30 ಮೀಟರ್ ದೂರದಲ್ಲಿ 600 ಎಂಎಂ ಹಿಡಿಯುವುದು ಬರೀ 1.8 ಮೀಟರ್. 400 ಎಂಎಂ 2.7 ಮೀಟರ್. 200 ಎಂಎಂ 5.4 ಮೀಟರ್. ದೊಡ್ಡ ಸಲಗವೊಂದು ಪಕ್ಕದಿಂದ ಸೊಂಡಿಲು ಸೇರಿ ಆರು ಮೀಟರಿನ ಆಸುಪಾಸು. ಅಂದರೆ 30 ಮೀಟರ್‌ನಲ್ಲಿ ಇಡೀ ಆನೆ, ಅದರ ಸುತ್ತ ಒಂದಿಷ್ಟು ಕಾಡು ಬೇಕಾದರೆ 150 ಎಂಎಂ ಹತ್ತಿರ ಇರಬೇಕು. ಬ್ಯಾಗಿನಲ್ಲಿ ಮಲಗಿರುವ ಆ 70-200 ಅದಕ್ಕೇ ಇರುವುದು. ಆನೆ ಎಷ್ಟು ದೊಡ್ಡದು ಅನ್ನುವುದು ಪಕ್ಕದ ಮರ ಕಂಡರೆ ಮಾತ್ರ ಗೊತ್ತಾಗುತ್ತದೆ. ಬರೀ ಚರ್ಮ ತುಂಬಿದ ಫ್ರೇಮಿನಲ್ಲಿ ಅದು ಎಲ್ಲಿದೆ ಅನ್ನುವುದೂ ಇಲ್ಲ, ಎಷ್ಟು ದೊಡ್ಡದು ಅನ್ನುವುದೂ ಇಲ್ಲ.

ಮುಖದ ಚಿತ್ರವೇ ಬೇಕು ಅಂದರೆ ಈ ಲೆಕ್ಕ ನೋಡಿ. 400 ಎಂಎಂ, 20 ಮೀಟರ್ ದೂರ, ಎಫ್ 5.6: ಚೂಪಾಗಿ ಸಿಗುವ ಆಳ ಸುಮಾರು 85 ಸೆಂಟಿಮೀಟರ್. ಎಫ್ 8ಕ್ಕೆ 1.2 ಮೀಟರ್. ಎಫ್ 11ಕ್ಕೆ 1.6 ಮೀಟರ್. ಇದರಲ್ಲಿ ಅರ್ಧ ಫೋಕಸ್ ಬಿಂದುವಿನ ಮುಂದೆ, ಅರ್ಧ ಹಿಂದೆ. ಎದುರಿಗೆ ನಿಂತ ದೊಡ್ಡ ಸಲಗದ ದಂತದ ತುದಿ ಕಣ್ಣಿಗಿಂತ ಒಂದು ಮೀಟರಿಗೂ ಮುಂದೆ ಇರಬಹುದು. ಹಾಗಾಗಿ ಕಣ್ಣಿಗೆ ಫೋಕಸ್ ಇಟ್ಟರೆ ಎಫ್ 11ರಲ್ಲೂ ದಂತದ ತುದಿ ಪೂರ್ತಿ ಸಿಗುವುದಿಲ್ಲ. ಹಿಂದೆ ಸರಿದು ಇನ್ನೂ ಉದ್ದನೆಯ ಲೆನ್ಸ್ ಹಾಕಿದರೆ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ, ಅದು ತಪ್ಪು. 30 ಮೀಟರ್‌ನಿಂದ 600 ಎಂಎಂ, ಎಫ್ 8 ಲೆಕ್ಕ ಹಾಕಿ, ಮತ್ತೆ ಅದೇ 1.2 ಮೀಟರ್ ಬರುತ್ತದೆ. ಮುಖ ಫ್ರೇಮಿನಲ್ಲಿ ಅಷ್ಟೇ ದೊಡ್ಡದಾಗಿದ್ದರೆ ಆಳವೂ ಅಷ್ಟೇ. ಉಳಿದ ದಾರಿ ಮೂರು: ಅಪರ್ಚರ್ ಕಿರಿದು ಮಾಡುವುದು, ಫ್ರೇಮ್ ಸಡಿಲ ಬಿಡುವುದು, ಅಥವಾ ಆನೆ ತಲೆಯನ್ನು ಮುಕ್ಕಾಲು ಪಕ್ಕಕ್ಕೆ ತಿರುಗಿಸುವ ತನಕ ಕಾಯುವುದು. ಮೂರನೆಯದು ನನ್ನ ಆಯ್ಕೆ. ಆಗ ಕಣ್ಣು, ದಂತದ ಬುಡ, ಸೊಂಡಿಲಿನ ಮಡಿಕೆ ಹೆಚ್ಚುಕಡಿಮೆ ಒಂದೇ ದೂರಕ್ಕೆ ಬರುತ್ತವೆ. ಏನನ್ನೋ ಬಿಡಲೇಬೇಕಾದಾಗ ದಂತವನ್ನು ಬಿಡಿ, ಕಣ್ಣನ್ನು ಬಿಡಬೇಡಿ.

ಹೊಸಲೆನ್ಸ್:

ಬಹಳ ಧನ್ಯವಾದ. ಹೇಳಿದಂತೆ ಹಳೆಯ ಬರ್ಸ್ಟ್‌ಗಳನ್ನು ತೆರೆದು ನೋಡಿದೆ. ದೂರದ ಚಿತ್ರಗಳಲ್ಲಿ ಬೆನ್ನಿನ ಗೆರೆ ನಿಜಕ್ಕೂ ಫ್ರೇಮಿನಿಂದ ಫ್ರೇಮಿಗೆ ಅಲೆಯಲೆಯಾಗಿ ಬದಲಾಗುತ್ತಿದೆ. ಕೆಲವು ಹತ್ತಿರದ ಚಿತ್ರಗಳಲ್ಲಿ ಮಾತ್ರ ಮುಂದಿನ ಹುಲ್ಲು ಚೂಪಾಗಿದೆ, ಅಂದರೆ ಫೋಕಸ್ ತಪ್ಪಿದೆ. ಪ್ರಾಣಿಯ ಕಣ್ಣು ಹುಡುಕುವ ಮೋಡ್ ಆನ್ ಇತ್ತು. ಅದು ಹಕ್ಕಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆನೆ, ಕಾಟಿಗೆ ಯಾಕೆ ಮಾಡುವುದಿಲ್ಲ? ಎಕ್ಸ್‌ಪೋಷರ್ ಬಗ್ಗೆಯೂ ಯಾರಾದರೂ ಹೇಳಿ.

ಬೂದುಕಾರ್ಡ್:

ಕಣ್ಣು ಹುಡುಕುವ ಮೋಡ್‌ಗೆ ಕಣ್ಣು ಕಣ್ಣಿನ ಹಾಗೆ ಕಾಣಬೇಕು: ಹೊಳಪು, ಸುತ್ತ ಬೇರೆ ಬಣ್ಣ, ಸ್ಪಷ್ಟ ಅಂಚು. ಆನೆಯ ಕಣ್ಣು ಆ ದೊಡ್ಡ ತಲೆಗೆ ಹೋಲಿಸಿದರೆ ಪುಟ್ಟದು, ಸುತ್ತಲೂ ಅದೇ ಬಣ್ಣದ ಸುಕ್ಕು, ಮೇಲೆ ಉದ್ದನೆಯ ರೆಪ್ಪೆಯ ನೆರಳು. ಕ್ಯಾಮೆರಾ ಕಿವಿಯ ತೂತನ್ನೋ ಹಣೆಯ ಮಡಿಕೆಯನ್ನೋ ಕಣ್ಣು ಅಂದುಕೊಳ್ಳುತ್ತದೆ. ಕಾಟಿಯದೋ ಕಪ್ಪು ಮುಖದಲ್ಲಿ ಕಪ್ಪು ಕಣ್ಣು. ನಡುವೆ ಹುಲ್ಲಿನ ಎಸಳು ಬಂದರೆ ಅದರ ಅಂಚು ಹೆಚ್ಚು ಸ್ಪಷ್ಟ, ಫೋಕಸ್ ಅಲ್ಲಿಗೆ ಹಾರುತ್ತದೆ.

ಆ ಮೋಡನ್ನು ಒಂದು ಬಟನ್‌ಗೆ ಕೊಡಿ, ಫೋಕಸ್‌ನ ಸಣ್ಣ ಸಿಂಗಲ್ ಪಾಯಿಂಟನ್ನು ಇನ್ನೊಂದಕ್ಕೆ. ಹಿಂಬದಿಯ ಎಎಫ್-ಆನ್ (ಆಟೊಫೋಕಸ್ ಶುರು ಮಾಡುವ) ಬಟನ್ ಸಿಂಗಲ್ ಪಾಯಿಂಟ್‌ಗೆ ಇರಲಿ. ಹುಲ್ಲು, ಪೊದೆ ಅಡ್ಡ ಇದ್ದಾಗ ಅದನ್ನೇ ಒತ್ತಿ ಕಣ್ಣಿನ ಕೆಳಗಿನ ಸುಕ್ಕಿಗೆ ಹಿಡಿಯಿರಿ, ಹಿಡಿದ ಮೇಲೆ ಬೆರಳು ಬಿಡಿ. ಪ್ರಾಣಿ ಅಲುಗದಿದ್ದರೆ ಮತ್ತೆ ಒತ್ತುವುದೇ ಬೇಡ. ಲೆನ್ಸಿನ ಮೇಲಿರುವ ಫೋಕಸ್ ಲಿಮಿಟರ್ ಸ್ವಿಚ್ಚನ್ನು ದೂರದ ಭಾಗಕ್ಕೆ ಇಡಿ. ಇಲ್ಲದಿದ್ದರೆ ಫೋಕಸ್ ಒಮ್ಮೆ ತಪ್ಪಿದರೆ ಮೂರು ಮೀಟರಿನಿಂದ ಅನಂತದವರೆಗೆ ಅಲೆದಾಡಿ ಬರುವಷ್ಟರಲ್ಲಿ ಪ್ರಾಣಿ ಹೋಗಿರುತ್ತದೆ. ಪ್ರಾಣಿ ಪೊದೆಯಿಂದ ಹೊರಬರಲಿದೆ ಅನ್ನಿಸಿದರೆ ಅಷ್ಟೇ ದೂರದ ಮರದ ಬುಡಕ್ಕೆ ಮೊದಲೇ ಫೋಕಸ್ ಮಾಡಿ ಕಾಯಿರಿ.

ಎಕ್ಸ್‌ಪೋಷರ್ ವಿಚಾರದಲ್ಲಿ ನೀವು ಹೇಳಿದ ಎರಡು ತಪ್ಪೂ ಒಂದೇ ಬೇರಿನವು. ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ತನ್ನ ಮುಂದೆ ಇರುವುದೆಲ್ಲ ನಡುಬೂದು ಅಂದುಕೊಳ್ಳುತ್ತದೆ. ಕಾಟಿ ಫ್ರೇಮ್ ತುಂಬಿದಾಗ ಕಪ್ಪನ್ನು ಬೂದು ಮಾಡಲು ಹೊರಟು ಚಿತ್ರವನ್ನು ಬೆಳ್ಳಗಾಗಿಸುತ್ತದೆ, ಅದೇ ನಿಮ್ಮ ಬೂದಿ ಬಳಿದ ಕಾಟಿ. ಅಲ್ಲಿ ಕಾಂಪೆನ್ಸೇಷನ್ (ಮೀಟರಿನ ಲೆಕ್ಕಕ್ಕೆ ನಾವು ಕೊಡುವ ತಿದ್ದುಪಡಿ) ಮೈನಸ್ 0.7ರಿಂದ ಮೈನಸ್ 1.3 ಸ್ಟಾಪ್ ಬೇಕು, ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಇಮ್ಮಡಿ. ಅದೇ ಕಾಟಿ ಬಿಸಿಲು ಬಿದ್ದ ಒಣಹುಲ್ಲಿನ ನಡುವೆ ಚಿಕ್ಕದಾಗಿ ನಿಂತಿದ್ದರೆ ಮೀಟರ್ ಹುಲ್ಲಿನ ಬೆಳಕು ನೋಡಿ ಎಕ್ಸ್‌ಪೋಷರ್ ಇಳಿಸುತ್ತದೆ, ಆಗ ಕರಿ ಮುದ್ದೆ. ಅಲ್ಲಿ ಪ್ಲಸ್ ಕಡೆಗೆ ಹೋಗಬೇಕು. ಹಿಮದ ಮೇಲಿನ ಹಿಮಕರಡಿಗೂ ಪ್ಲಸ್ 1ರಿಂದ ಪ್ಲಸ್ 1.7.

ಆದರೆ ಪ್ರತಿ ಸಲ ಪ್ಲಸ್ ಮೈನಸ್ ತಿರುಗಿಸುತ್ತ ಕೂರುವುದಕ್ಕಿಂತ ಬೆಳಕು ಬದಲಾಗದ ಜಾಗದಲ್ಲಿ ಪೂರ್ತಿ ಮ್ಯಾನುಯಲ್‌ಗೆ ಬನ್ನಿ, ಐಎಸ್‌ಒ ಕೂಡ. ಪ್ರಾಣಿಗೆ ಬಿದ್ದ ಬೆಳಕೇ ಬಿದ್ದಿರುವ ಹಸಿರು ಹುಲ್ಲಿನ ಮೇಲೆ ಮೀಟರ್ ಮಾಡಿ, ಅದು ಸರಿಸುಮಾರು ನಡುಬೂದು. ಆ ಅಂಕಿ ಹಿಡಿದುಕೊಂಡರೆ ಕಾಟಿ ಕಾಟಿಯ ಬಣ್ಣದಲ್ಲೇ ಬರುತ್ತದೆ, ಚಿಕ್ಕದಾಗಿದ್ದರೂ ದೊಡ್ಡದಾಗಿದ್ದರೂ. ಒಂದೇ ಎಚ್ಚರ: ಕಾಟಿಯ ಮೊಣಕಾಲಿನ ಕೆಳಗಿನ ಬಿಳಿ. ಬಿಸಿಲಿನಲ್ಲಿ ಮೊದಲು ಸುಟ್ಟುಹೋಗುವುದು ಅದೇ. ಹೈಲೈಟ್ ಮಿಣುಕನ್ನು (ಸುಟ್ಟುಹೋದ ಬಿಳಿ ಭಾಗ ಪರದೆಯಲ್ಲಿ ಮಿಣುಕಿ ಎಚ್ಚರಿಸುವುದು) ಆನ್ ಇಟ್ಟು ಆ ಬಿಳಿ ಮಿಣುಕಲು ಶುರುವಾಗುವ ಹಂತದಲ್ಲಿ ನಿಲ್ಲಿ. ಆ ಮಿಣುಕು ಜೇಪೆಗ್ ಲೆಕ್ಕದ್ದು, ರಾ ಫೈಲಿನಲ್ಲಿ (ಸೆನ್ಸರಿನ ಕಚ್ಚಾ ಮಾಹಿತಿಯ ಫೈಲು) ಅದರ ಮೇಲೆ ಇನ್ನೂ ಅರ್ಧ ಸ್ಟಾಪಿನಷ್ಟಾದರೂ ಉಳಿದಿರುತ್ತದೆ.

ಐಎಸ್‌ಒ ಹೆಚ್ಚಿಸಲು ಅಂಜಬೇಡಿ. 3200ರಲ್ಲಿ ಎರಡು ಸ್ಟಾಪ್ ಕಡಿಮೆ ಎಕ್ಸ್‌ಪೋಸ್ ಮಾಡಿ ಆಮೇಲೆ ಎತ್ತಿದ ಕಾಟಿಯ ಮೈಯಲ್ಲಿ 12800ರಷ್ಟೇ ನಾಯ್ಸ್ ಇರುತ್ತದೆ, ಬಣ್ಣವೂ ಕೆಡುತ್ತದೆ. ಕಪ್ಪು ಪ್ರಾಣಿಗೆ ನಾಯ್ಸ್ ಕೂರುವುದೇ ಮೈಯ ನೆರಳಿನಲ್ಲಿ. ದಟ್ಟ ಮರದ ಕೆಳಗೆ ಇದ್ದರೆ ವೈಟ್ ಬ್ಯಾಲೆನ್ಸ್ ಆಟೊ ಬಿಟ್ಟು 5500 ಕೆಲ್ವಿನ್ ಹತ್ತಿರ ಕೂರಿಸಿ. ಎಲೆಯ ಹಸಿರು ಮೈಮೇಲೆ ಬಿದ್ದದ್ದನ್ನು ಆಮೇಲೆ ರಾ ಫೈಲಿನಲ್ಲಿ ಟಿಂಟ್ ಸರಿಸಿ ತೆಗೆಯಬಹುದು, ಎಲ್ಲ ಫ್ರೇಮಿಗೂ ಒಂದೇ ತಿದ್ದುಪಡಿ ಸಾಕಾಗುತ್ತದೆ.

ಮುಂಜಾವು:

ಬೂದುಕಾರ್ಡ್ ಹೇಳಿದ ಪೂರ್ತಿ ಮ್ಯಾನುಯಲ್ ಬಯಲಿಗೆ ಸರಿ. ಮರದ ನೆರಳು, ಬಿಸಿಲು ತುಂಡುತುಂಡಾಗಿ ಬಿದ್ದ ಕಾಡಿನಲ್ಲಿ ಹುಲಿ ನಡೆದು ಬರುವಾಗ ಆ ವಿಧಾನ ಕೆಲಸಕ್ಕೆ ಬರುವುದಿಲ್ಲ. ಹತ್ತು ಹೆಜ್ಜೆಯಲ್ಲಿ ಮೂರು ಸ್ಟಾಪ್ ಏರಿಳಿತ. ಅಲ್ಲಿ ಶಟರ್, ಅಪರ್ಚರ್ ಮಾತ್ರ ಕೈಯಲ್ಲಿ ಇಟ್ಟುಕೊಂಡು ಐಎಸ್‌ಒ ಆಟೊಗೆ ಬಿಡಿ, ಮೇಲ್ಮಿತಿ 6400 ಕಟ್ಟಿ.

ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹತ್ತಿರದ ಪ್ರಾಣಿಗೆ ಒಳ್ಳೆಯದು, ಆದರೆ ಸೆನ್ಸರ್ ಸ್ಟ್ಯಾಕ್ಡ್ (ಚಿತ್ರವನ್ನು ಬಲು ಬೇಗ ಓದುವ ಬಗೆ) ಅಲ್ಲದಿದ್ದರೆ ಓಡುವ ಪ್ರಾಣಿಯ ಕಾಲು ಬಾಗಿ ಬರುತ್ತದೆ, ಪ್ಯಾನ್ ಮಾಡಿದರೆ (ಪ್ರಾಣಿಯ ಜೊತೆ ಕ್ಯಾಮೆರಾ ತಿರುಗಿಸಿದರೆ) ಹಿಂದಿನ ಮರಗಳೆಲ್ಲ ಒಂದೇ ಕಡೆ ವಾಲುತ್ತವೆ. ಓಟ ಶುರುವಾದರೆ ಮೆಕ್ಯಾನಿಕಲ್‌ಗೆ ಬದಲಿಸಿ.

ಹೆಜ್ಜೆಗುರುತು:

ಪ್ರಾಣಿಯ ಕಿರಿಕಿರಿ ಗುರುತಿಸುವ ಕೊನೆಯ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ, ನನಗೆ ಅದೇ ಮೊದಲಿನದು.

ಆನೆಯ ಸಿಟ್ಟು ಕಿವಿ ಅರಳಿಸಿ ಘೀಳಿಟ್ಟಾಗ ಶುರುವಾಗುವುದಲ್ಲ. ಅದಕ್ಕೆ ಬಹಳ ಮುಂಚೆ, ಮೇಯುತ್ತಿದ್ದ ಆನೆ ಮೇಯುವುದನ್ನು ನಿಲ್ಲಿಸುತ್ತದೆ. ಸೊಂಡಿಲಿನಲ್ಲಿ ಕಿತ್ತ ಹುಲ್ಲು ಹಾಗೇ ಇರುತ್ತದೆ, ಬಾಯಿಗೆ ಹೋಗುವುದಿಲ್ಲ. ಬೀಸುತ್ತಿದ್ದ ಕಿವಿ ನಿಶ್ಚಲವಾಗುತ್ತದೆ. ಕಿವಿ ಬೀಸುವುದು ಮೈ ತಂಪಿಗೆ, ಅದರಲ್ಲಿ ಭಯ ಪಡುವುದೇನಿಲ್ಲ. ಬೀಸುವುದು ನಿಂತರೆ ಅದು ನಿಮ್ಮನ್ನು ಕೇಳಿಸಿಕೊಳ್ಳುತ್ತಿದೆ ಅಂತ. ಆಮೇಲೆ ಸೊಂಡಿಲಿನ ತುದಿ ಮೇಲೆದ್ದು ನಿಮ್ಮ ಕಡೆ ತಿರುಗಿ ವಾಸನೆ ಹಿಡಿಯುತ್ತದೆ. ಮುಂಗಾಲೊಂದನ್ನು ಎತ್ತಿ ತೂಗುತ್ತದೆ. ಕೆಲವೊಮ್ಮೆ ಹುಲ್ಲು ಕಿತ್ತು ತಿನ್ನದೆ ಎಸೆಯುತ್ತ, ಮೇಯುವ ನಟನೆ ಮಾಡುತ್ತ ಹತ್ತಿರ ಬರುತ್ತದೆ. ವ್ಯೂಫೈಂಡರಿನಲ್ಲಿ ಇದೆಲ್ಲ ಒಳ್ಳೆಯ ಚಿತ್ರದಂತೆ ಕಾಣುವುದರಿಂದಲೇ ಅಪಾಯ. ಹಿಂದೆ ಸರಿಯಬೇಕಾದ ಹೊತ್ತು ಇದೇ, ಇದರ ಮುಂದಿನ ಹಂತವಲ್ಲ.

ಕಿವಿ ಅಗಲಿಸಿ, ತಲೆ ಎತ್ತಿ, ಸದ್ದು ಮಾಡುತ್ತ ಬಂದರೆ ಬಹುಪಾಲು ಹುಸಿದಾಳಿ. ಕಿವಿ ಹಿಂದಕ್ಕೆ ಒತ್ತಿ, ತಲೆ ತಗ್ಗಿಸಿ, ಸೊಂಡಿಲು ಒಳಕ್ಕೆ ಸುರುಳಿ ಸುತ್ತಿ ಮೌನವಾಗಿ ಬಂದರೆ ನಿಜದ ದಾಳಿ. ಆದರೆ ಇದನ್ನು ಓದಿ ಹುಸಿಯೋ ನಿಜವೋ ಅಂತ ಅಳೆಯುತ್ತ ನಿಲ್ಲಬೇಡಿ, ಹುಸಿಯಾಗಿ ಶುರುವಾದದ್ದು ನಡುವೆ ನಿಜವಾಗುವುದುಂಟು. ಸಲಗದ ಕಣ್ಣು, ಕಿವಿಯ ನಡುವಿನ ಕಪೋಲದಿಂದ ಎಣ್ಣೆ ಹಚ್ಚಿದಂಥ ಕಪ್ಪು ಗೆರೆ ಇಳಿದಿದ್ದರೆ, ಹಿಂಗಾಲಿನ ಒಳಭಾಗ ಮೂತ್ರದಿಂದ ತೊಯ್ದಿದ್ದರೆ ಅದು ಮದದಲ್ಲಿದೆ. ಅದಕ್ಕೆ ಸುರಕ್ಷಿತ ಅಂತರ ಅನ್ನುವುದೇ ಇಲ್ಲ, ಕಂಡ ಕೂಡಲೇ ಜಾಗ ಬಿಡಿ.

ಬೇರೆ ಪ್ರಾಣಿಗಳ ಭಾಷೆ ಬೇರೆ. ಕಾಟಿ ಮೈಯನ್ನು ಅಡ್ಡಲಾಗಿ ತಿರುಗಿಸಿ, ಬೆನ್ನಿನ ದಿಣ್ಣೆ ಕಾಣುವಂತೆ ನಿಂತರೆ ಪೋಸ್ ಕೊಡುತ್ತಿಲ್ಲ, ತನ್ನ ಗಾತ್ರ ತೋರಿಸುತ್ತಿದೆ. ಅಮೆರಿಕದ ಬೈಸನ್ ಬಾಲ ಎತ್ತಿ ನಿಲ್ಲಿಸಿದರೆ ನುಗ್ಗಲು ಸಿದ್ಧ. ಕರಡಿ ಹಿಂಗಾಲಿನ ಮೇಲೆ ಎದ್ದು ನಿಲ್ಲುವುದು ಸಾಮಾನ್ಯವಾಗಿ ನೋಡಲು, ವಾಸನೆ ಹಿಡಿಯಲು. ಹೂಂಕರಿಸಿ, ದವಡೆ ಟಕ್ ಟಕ್ ಅನ್ನಿಸಿ, ಜೊಲ್ಲು ಸುರಿಸಿದರೆ ಅದು ಬೆದರಿಕೆ. ನೀರಾನೆ ಬಾಯಿ ಅಗಲಿಸುವುದು ಆಕಳಿಕೆ ಅಲ್ಲ. ಹುಲಿ, ಸಿಂಹ ಕಿವಿ ಚಪ್ಪಟೆ ಮಾಡಿ ಬಾಲ ಬಡಿದರೆ ಸಾಕು, ಲೆನ್ಸ್ ಇಳಿಸಿ. ಘೇಂಡಾಮೃಗಕ್ಕೆ ದೃಷ್ಟಿ ಮಂದ, ಮೂಗು, ಕಿವಿ ಬಹಳ ಚುರುಕು. ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸುತ್ತಿದ್ದರೆ ಅಡಗಿ ಕೂತು ಪ್ರಯೋಜನವಿಲ್ಲ.

ಅಂತರಕ್ಕೆ ಅಂಕಿ ಬೇಕು ಅನ್ನುವವರಿಗೆ: ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಕರಡಿ, ತೋಳದಿಂದ 91 ಮೀಟರ್, ಬೈಸನ್, ಎಲ್ಕ್‌ನಂಥವುಗಳಿಂದ 23 ಮೀಟರ್ ದೂರ ಇರಲೇಬೇಕು ಅನ್ನುವ ನಿಯಮ ಇದೆ. ಇದು ಕನಿಷ್ಠ. ಅಷ್ಟು ದೂರದಲ್ಲೂ ಪ್ರಾಣಿ ತನ್ನ ಕೆಲಸ ನಿಲ್ಲಿಸಿ ನಿಮ್ಮನ್ನು ನೋಡುತ್ತಿದ್ದರೆ ನೀವು ತೀರಾ ಹತ್ತಿರ ಇದ್ದೀರಿ.

ವಾಹನ ನಿಲ್ಲಿಸುವಾಗ ತಾಯಿ, ಮರಿಯ ನಡುವೆ ನಿಲ್ಲಬೇಡಿ. ನೀರಿಗೆ ಇಳಿಯುವ ದಾರಿಗೆ ಅಡ್ಡ ನಿಲ್ಲಬೇಡಿ. ಹೊರಟು ಹೋಗುವ ದಿಕ್ಕಿಗೆ ಮೂತಿ ಮಾಡಿಕೊಂಡು ನಿಲ್ಲಿ. ಗಾಳಿಮುಖ ಎಂಜಿನ್ ನಿಲ್ಲಿಸಿ ಅಂದಿದ್ದು ದೂರದ ಪ್ರಾಣಿಗೆ. ಆನೆಹಿಂಡು ಹತ್ತಿರ ಇದ್ದಾಗ ಅದನ್ನು ಚಾಲಕರ ತೀರ್ಮಾನಕ್ಕೆ ಬಿಡಿ, ಶಾರ್ಪ್ ಚಿತ್ರಕ್ಕಾಗಿ ಅವರನ್ನು ಒತ್ತಾಯಿಸಬೇಡಿ. ಕೂಗು ಕೇಳಿಸಿ ಕರೆಯುವುದು, ತಿನ್ನಲು ಹಾಕಿ ಸೆಳೆಯುವುದು, ರಾತ್ರಿ ಕಣ್ಣಿಗೆ ಟಾರ್ಚ್ ಬಿಡುವುದು ಇವುಗಳ ಬಗ್ಗೆ ಚರ್ಚೆಯೇ ಬೇಡ. ಫೋನ್ ಆ್ಯಪ್ ಜೋಡಿಸಿದ್ದರೆ ಕ್ಯಾಮೆರಾ ಪ್ರತಿ ಫೈಲಿಗೂ ಜಿಪಿಎಸ್ ಬರೆಯಬಹುದು. ಘೇಂಡಾಮೃಗ, ದಂತದ ಆನೆಯ ಚಿತ್ರ ಹಾಕುವ ಮೊದಲು ಅದನ್ನು ಅಳಿಸಿ, ಬೇಟೆಗಾರರಿಗೆ ಅಷ್ಟು ಸಾಕು.

ಹೊಸಲೆನ್ಸ್:

ಸೊಂಡಿಲಿನಲ್ಲಿ ಹುಲ್ಲು ಹಾಗೇ ಉಳಿಯುವ ವಿಷಯ ಗೊತ್ತೇ ಇರಲಿಲ್ಲ, ನೆನಪಿಟ್ಟುಕೊಳ್ಳುತ್ತೇನೆ. ಒಂದು ಕೊನೆಯ ಪ್ರಶ್ನೆ. ವಾಹನದಿಂದ ಇಳಿಯುವಂತಿಲ್ಲ, ಹಾಗಾಗಿ ಎಲ್ಲ ಚಿತ್ರಗಳೂ ಮೇಲಿನಿಂದ ನೋಡಿದ ಹಾಗೆ ಬರುತ್ತವೆ. ಪ್ರಾಣಿಯ ಕಣ್ಣಿನ ಮಟ್ಟದಿಂದ ತೆಗೆಯಲು ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಒಂದೇ ದಾರಿಯೇ?

ಗಾಳಿಮುಖ:

ಅದೊಂದೇ ಅಲ್ಲ. ದೂರ ಸರಿದರೆ ಕೋನ ತಾನೇ ಚಪ್ಪಟೆಯಾಗುತ್ತದೆ. ನಿಮ್ಮ ಕ್ಯಾಮೆರಾ ನೆಲದಿಂದ 2.4 ಮೀಟರ್ ಎತ್ತರದಲ್ಲಿ, ಹುಲಿಯ ಕಣ್ಣು 0.9 ಮೀಟರ್‌ನಲ್ಲಿ ಇದ್ದರೆ ವ್ಯತ್ಯಾಸ 1.5 ಮೀಟರ್. ಹುಲಿ 10 ಮೀಟರ್‌ನಲ್ಲಿದ್ದರೆ ಎಂಟೂವರೆ ಡಿಗ್ರಿ ಕೆಳಗೆ ನೋಡುತ್ತೀರಿ, ಬೆನ್ನು ಕಾಣುತ್ತದೆ, ಹಿನ್ನೆಲೆಯೆಲ್ಲ ಬರೀ ನೆಲ. 40 ಮೀಟರ್‌ನಲ್ಲಿದ್ದರೆ ಎರಡು ಡಿಗ್ರಿ ಮಾತ್ರ, ಹಿನ್ನೆಲೆಗೆ ದೂರದ ಮರಗಳು ಬಂದು ಮಸುಕಾಗುತ್ತವೆ. ನಿಮ್ಮ 600 ಎಂಎಂ ಕೆಲಸಕ್ಕೆ ಬರುವುದು ಇಲ್ಲಿ. ಹತ್ತಿರ ಹೋಗಿ ಅಂತ ಹೇಳುವ ಸಹಪ್ರಯಾಣಿಕರ ಮಾತು ಕೇಳಬೇಡಿ. ಸೀಟಿನ ಮೇಲೆ ನಿಲ್ಲದೆ, ಸಾಧ್ಯವಾದರೆ ವಾಹನದ ಒಳಗೆ ಕೆಳಗೆ ಕೂತು ಬಾಗಿಲ ಅಂಚಿನಲ್ಲಿ ಬೀನ್ ಬ್ಯಾಗ್ ಇಡಿ. ಏರುದಾರಿಯ ಮೇಲ್ಗಡೆ ಪ್ರಾಣಿ ಇದ್ದರೆ ಮಟ್ಟ ತಾನಾಗಿಯೇ ಸಿಗುತ್ತದೆ.

ಹೆಜ್ಜೆಗುರುತು:

ಕ್ಯಾಮೆರಾ ಟ್ರ್ಯಾಪ್ ಇಡಬೇಕಾದರೆ ಆ ಜಾಗದ ಆಡಳಿತದ ಲಿಖಿತ ಅನುಮತಿ ಬೇಕು, ಅದಿಲ್ಲದೆ ಮುಂದಿನದನ್ನು ಓದುವುದೇ ಬೇಡ.

ಟ್ರ್ಯಾಪನ್ನು ಚಾಲೂ ಮಾಡುವ ಸೆನ್ಸರ್ ಪಿಐಆರ್ (ಶಾಖದ ಇನ್ಫ್ರಾರೆಡ್ ಕಿರಣ ಗುರುತಿಸುವ) ಬಗೆಯದು. ಅದು ಪ್ರಾಣಿಯನ್ನು ನೋಡುವುದಿಲ್ಲ, ಹಿನ್ನೆಲೆಗಿಂತ ಬೇರೆ ಬಿಸಿಯ ವಸ್ತು ಚಲಿಸಿದ್ದನ್ನು ಗುರುತಿಸುತ್ತದೆ. ಹಾಗಾಗಿ ಕಾಲುದಾರಿಗೆ ಅಡ್ಡಲಾಗಿ ಇಟ್ಟರೆ ಚೆನ್ನಾಗಿ ಹಿಡಿಯುತ್ತದೆ, ಪ್ರಾಣಿ ನೇರ ಅದರ ಕಡೆ ನಡೆದು ಬರುವಂತೆ ಇಟ್ಟರೆ ತಡವಾಗುತ್ತದೆ. ಸುತ್ತಲಿನ ಬಿಸಿ ಪ್ರಾಣಿಯ ಮೈಬಿಸಿಯ ಹತ್ತಿರ ಬಂದ ಮಧ್ಯಾಹ್ನ ಅದು ಹೆಚ್ಚುಕಡಿಮೆ ಕುರುಡು. ಬಿಸಿಲಿಗೆ ಕಾದ ಬಂಡೆ, ಗಾಳಿಗೆ ಆಡುವ ಹುಲ್ಲು ಎದುರಿಗಿದ್ದರೆ ಕಾರ್ಡ್ ತುಂಬ ಖಾಲಿ ಚಿತ್ರ. ಮುಂದಿನ ಒಂದೆರಡು ಮೀಟರ್ ಹುಲ್ಲನ್ನು ಕೈಯಿಂದ ಬಾಗಿಸಿ ಸರಿಸಿ, ಕಡಿಯಬೇಡಿ.

ಹುಲಿ ಗಾತ್ರದ ಪ್ರಾಣಿಗೆ ಎತ್ತರ 40ರಿಂದ 50 ಸೆಂಟಿಮೀಟರ್. ಆನೆಗೆ ಆ ಎತ್ತರದಲ್ಲಿ ಕಾಲು ಮಾತ್ರ ಬರುತ್ತದೆ, ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿ ಅಗಲದ ಲೆನ್ಸ್ ಹಾಕಬೇಕು. ಫೋಕಸ್ ಮ್ಯಾನುಯಲ್: ಪ್ರಾಣಿ ಹಾಯುವ ಜಾಗದಲ್ಲಿ ಒಬ್ಬರು ಬಗ್ಗಿ ನಿಲ್ಲಲಿ, ಅವರ ಮೇಲೆ ಫೋಕಸ್ ಮಾಡಿ ರಿಂಗ್‌ಗೆ ಟೇಪ್ ಸುತ್ತಿ. ಎಫ್ 8, ಐಎಸ್‌ಒ 400ರಿಂದ 800. ಮಬ್ಬು ಹೊತ್ತಿಗೆ ಫ್ಲ್ಯಾಶ್ ಅನುಮತಿ ಇದ್ದರೆ 1/32 ಪವರ್‌ನಲ್ಲಿ, ಎರಡೂ ಪಕ್ಕದಿಂದ, ಕಣ್ಣಿಗೆ ನೇರ ಅಲ್ಲದೆ ಓರೆಯಾಗಿ. ಪವರ್ ಕಡಿಮೆ ಇದ್ದಷ್ಟೂ ಮಿಂಚಿನ ಅವಧಿಯೂ ಚಿಕ್ಕದು, ಚಲನೆಯೂ ಚೆನ್ನಾಗಿ ನಿಲ್ಲುತ್ತದೆ. ನನ್ನನ್ನು ಕೇಳಿದರೆ ರಾತ್ರಿಗೆ 940 ನ್ಯಾನೊಮೀಟರಿನ ಇನ್ಫ್ರಾರೆಡ್ ಟ್ರ್ಯಾಪ್ ಸಾಕು. 850 ನ್ಯಾನೊಮೀಟರಿನದರಲ್ಲಿ ಮಸುಕಾದ ಕೆಂಪು ಹೊಳಪು ಕಾಣುತ್ತದೆ, 940ರಲ್ಲಿ ಅದೂ ಇಲ್ಲ. ಬೆಲೆ ಕೊಡಬೇಕಾದದ್ದು ಚಿತ್ರದ ಗುಣಮಟ್ಟದಲ್ಲಿ: ಕಪ್ಪುಬಿಳುಪು, ಬೆಳಕು ಹೋಗುವ ದೂರವೂ ಕಡಿಮೆ.

ಪೆಟ್ಟಿಗೆಯ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ, ರಬ್ಬರ್ ಸೀಲ್ ಮೇಲೆ ಒಂದು ಹುಲ್ಲುಕಡ್ಡಿ ಸಿಕ್ಕಿಕೊಂಡರೂ ನೀರು ಒಳಹೋಗುತ್ತದೆ, ಮುಚ್ಚುವ ಮೊದಲು ಬೆರಳಾಡಿಸಿ ನೋಡಿ. ಜೋತುಬಿದ್ದ ಪಟ್ಟಿ, ವೈರ್ ಒಂದೂ ಹೊರಗೆ ಕಾಣಬಾರದು, ಆನೆ ಮೊದಲು ಎಳೆಯುವುದು ಅದನ್ನೇ.